ತೂಕ ಸರಿಯಾಗಿ ಬರೆಯಿರಿ: ವಿಮಾನವಾಹಕ ಹಡಗಿಗೆ ಹೋಗಿ ಬಂದ ಕಥೆ

ಕಳೆದ ವಾರ ಅಟ್ಲಾಂಟಿಕ್ ಸಾಗರದಲ್ಲಿ ಓಡುತ್ತಿದ್ದ ಒಂದು ವಿಮಾನವಾಹಕ ಹಡಗಿನ ಮೇಲೆ ಇಳಿದೆ. ಒಂದು ರಾತ್ರಿ ಅಲ್ಲೇ ಮಲಗಿದೆ. ಮಲಗಿದೆ ಅನ್ನುವುದು ಸುಳ್ಳು, ಮಂಚದ ಮೇಲೆ ಬಿದ್ದಿದ್ದೆ ಅಷ್ಟೇ. ಮಾರನೇ ದಿನ ಕವಣೆಕಲ್ಲಿನ ಹಾಗೆ ಹಾರಿಕೊಂಡು ವಾಪಸ್ ಬಂದೆ. ಕುತ್ತಿಗೆ ಇನ್ನೂ ಸ್ವಲ್ಪ ಹಿಡಿದುಕೊಂಡಿದೆ.

ನಾನು ಪೈಲಟ್ ಅಲ್ಲ. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ಅಮೆರಿಕದ ನೌಕಾಪಡೆ ಶಿಕ್ಷಕರು, ವ್ಯಾಪಾರಸ್ಥರು, ಊರಿನ ಮುಖಂಡರು ಇಂಥವರನ್ನು ಸಣ್ಣ ಗುಂಪುಗಳಲ್ಲಿ ಕರೆದೊಯ್ದು ಹಡಗು ತೋರಿಸುತ್ತದೆ. ವಾಪಸ್ ಬಂದು ನಾಲ್ಕು ಜನರಿಗೆ ಹೇಳಲಿ ಎಂಬುದು ಅವರ ಲೆಕ್ಕ. ನಾನೀಗ ಅದನ್ನೇ ಮಾಡುತ್ತಿದ್ದೇನೆ, ಆದರೆ ಕನ್ನಡದಲ್ಲಿ. ಇಲ್ಲಿರುವ ನಮ್ಮವರಲ್ಲಿ ಯಾರಿಗಾದರೂ ಈ ಅವಕಾಶ ಬಂದರೆ ನನ್ನ ಹಾಗೆ ಪೇಚಾಡಬಾರದು, ಅದಕ್ಕೆ.

ಈ ಹುಚ್ಚು ಹತ್ತಿಸಿದ್ದು ಅಂಕೋಲೆಯ ನಮ್ಮ ದೊಡ್ಡಪ್ಪ. 1970ರ ದಶಕದಲ್ಲಿ ಭಾರತದ ಹಳೇ ವಿಮಾನವಾಹಕ ವಿಕ್ರಾಂತ್ ಹಡಗಿನ ಫ್ಲೈಟ್ ಡೆಕ್‌ನಲ್ಲಿ, ಅಂದರೆ ವಿಮಾನ ಹಾರಿ ಇಳಿಯುವ ಮೇಲ್ಗಡೆಯ ಬಯಲಿನಲ್ಲಿ, ದುಡಿದವರು. ಸೀ ಹಾಕ್ ಜೆಟ್‌ಗಳನ್ನು ಕೆಟಪಲ್ಟ್‌ಗೆ ಬಿಗಿದು ಬಿಡುವ ತಂಡದಲ್ಲಿದ್ದರು. ಕೆಟಪಲ್ಟ್ ಅಂದರೆ ವಿಮಾನವನ್ನು ಕವಣೆಯ ಹಾಗೆ ಚಿಮ್ಮಿಸುವ ಉಗಿ ಯಂತ್ರ. ರಜೆಗೆ ಬಂದಾಗ ಜಗಲಿಯಲ್ಲಿ ಕೂತು, ಎರಡು ಬೆರಳಿಗೆ ರಬ್ಬರ್ ಸಿಕ್ಕಿಸಿ, ಗೇರುಬೀಜ ಇಟ್ಟು ಚಿಮ್ಮಿಸುತ್ತಿದ್ದರು. "ಇದೇ ತಂಗೀ ನನ್ನ ಕೆಲಸ" ಅನ್ನುತ್ತಿದ್ದರು. ಸಣ್ಣ ಬೀಜ ದೂರ ಹೋಗುತ್ತಿತ್ತು, ದೊಡ್ಡದು ಮೆಟ್ಟಿಲ ಹತ್ತಿರವೇ ಬೀಳುತ್ತಿತ್ತು. "ತೂಕ ಗೊತ್ತಿಲ್ಲದೆ ಬಿಟ್ಟರೆ ಹೀಗೇ ಆಗೋದು." ಆ ಮಾತು ನೆನಪಿಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಈಗ ಕಾಗದಪತ್ರದ ಕಥೆ. ಇದಕ್ಕೆ ಟಿಕೆಟ್ ಸಿಗುವುದಿಲ್ಲ. ಯಾರಾದರೂ ನಿಮ್ಮ ಹೆಸರು ಸೂಚಿಸಬೇಕು. ನನ್ನದನ್ನು ನಮ್ಮ ಶಾಲೆಯ ಪ್ರಿನ್ಸಿಪಾಲ್ ಸೂಚಿಸಿದರು. ಒಂದು ಪುಟದ ಪರಿಚಯ, ನಾನು ಹೋದರೆ ಎಷ್ಟು ಮಕ್ಕಳಿಗೆ ಉಪಯೋಗ ಎಂಬ ಪತ್ರ. ಇದು ಸೆಪ್ಟೆಂಬರ್‌ನಲ್ಲಿ. ಆಮೇಲೆ ಸುದ್ದಿಯೇ ಇಲ್ಲ. ಜನವರಿಯಲ್ಲಿ ಒಂದು ಮೇಲ್ ಬಂತು, ಜೊತೆಗೆ ಫಾರ್ಮ್‌ಗಳ ಕಟ್ಟು. ನೌಕಾನೆಲೆಯ ಒಳಗೆ ಬಿಡಲು ವೈಯಕ್ತಿಕ ವಿವರ. ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬ ವಿವರ. ಆರೋಗ್ಯದ ಪ್ರಶ್ನೆಗಳು: ಹೃದಯದ ತೊಂದರೆ ಇದೆಯೇ, ಬೆನ್ನು ಕುತ್ತಿಗೆಗೆ ಆಪರೇಷನ್ ಆಗಿದೆಯೇ, ಗರ್ಭಿಣಿಯೇ, ಕಡಿದಾದ ಏಣಿ ಹತ್ತಬಲ್ಲಿರಾ. ಕೊನೆಗೆ, ಏನೇ ಆದರೂ ಸರ್ಕಾರವನ್ನು ಕೇಳುವುದಿಲ್ಲ ಎಂಬ ಮುಚ್ಚಳಿಕೆ. ನಮ್ಮನೆಯವರು ಅದನ್ನು ಎರಡು ಸಲ ಓದಿ ಸುಮ್ಮನೆ ನನ್ನ ಮುಖ ನೋಡಿದರು. ನಾನು ಸಹಿ ಹಾಕಿದೆ.

ಎರಡು ತಪ್ಪು ಮಾಡಿದೆ. ಎರಡೂ ನನ್ನವೇ.

ಮೊದಲನೆಯದು ಹೆಸರು. ನಮ್ಮ ಕಡೆಯವರಿಗೆ ಇದು ಗೊತ್ತಿರುವ ಗೋಳು. ಶಾಲೆಯಲ್ಲಿ ನನ್ನ ಹೆಸರಿನ ಜೊತೆ ಗಂಡನ ಮನೆಹೆಸರು. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಅಪ್ಪನ ಹೆಸರು. ಪ್ರಿನ್ಸಿಪಾಲ್ ಬರೆದದ್ದು ಮೊದಲನೆಯದು. ಫಾರ್ಮ್ ತುಂಬುವಾಗ ನಾನೂ ಅದನ್ನೇ ಮುಂದುವರಿಸಿದೆ. ದಯವಿಟ್ಟು ನೀವು ಯಾವ ಗುರುತಿನ ಚೀಟಿ ಹಿಡಿದು ಹೋಗುತ್ತೀರೋ ಅದರಲ್ಲಿರುವ ಹೆಸರನ್ನೇ, ಅಕ್ಷರಕ್ಕೆ ಅಕ್ಷರ, ಸೂಚನಾಪತ್ರದಲ್ಲೇ ಬರೆಸಿ.

ಎರಡನೆಯದು ತೂಕ. ನನ್ನ ತೂಕ 162 ಪೌಂಡ್. ಬರೆದದ್ದು 150. ಯಾಕೆ ಅಂತ ಕೇಳಬೇಡಿ.

ಮಾರ್ಚ್‌ಗೆ ದಿನ ಗೊತ್ತಾಯಿತು. ನಾಲ್ಕು ದಿನ ಮೊದಲು ರದ್ದಾಯಿತು. ಹಡಗಿನ ಕಾರ್ಯಕ್ರಮ ಬದಲಾಗಿದೆ ಎಂದು ಒಂದೇ ಸಾಲು. ಹಡಗು ಇರುವುದು ನಮ್ಮನ್ನು ಸುತ್ತಾಡಿಸಲಿಕ್ಕಲ್ಲವಲ್ಲ, ಆದ್ದರಿಂದ ಹೀಗಾಗುವುದು ಸಾಮಾನ್ಯವಂತೆ. ಆದರೆ ನಾನು ರದ್ದು ಮಾಡಲಾಗದ ಅಗ್ಗದ ಹೋಟೆಲ್ ಹಿಡಿದಿದ್ದೆ. 140 ಡಾಲರ್ ಹೋಯಿತು. ಕ್ಲಾಸಿಗೆ ಬದಲಿ ಶಿಕ್ಷಕರನ್ನು ಹುಡುಕಿಟ್ಟ ಶ್ರಮವೂ ಹೋಯಿತು. ಹೋಟೆಲ್ ಮಾಡುವಾಗ ಹತ್ತಿಪ್ಪತ್ತು ಡಾಲರ್ ಜಾಸ್ತಿ ಆದರೂ ರದ್ದು ಮಾಡಬಹುದಾದದ್ದನ್ನೇ ಮಾಡಿ. ಹಾರಾಟ ಉಚಿತ. ನೌಕಾನೆಲೆ ಇರುವ ನಾರ್ಫೋಕ್‌ಗೆ ಹೋಗಿ ಬರುವ ಪೆಟ್ರೋಲ್, ಹೋಟೆಲ್, ಹಡಗಿನ ಊಟದ ಚಿಲ್ಲರೆ ದುಡ್ಡು ನಮ್ಮದೇ. ಎಲ್ಲ ಸೇರಿ, ಕಳೆದುಕೊಂಡದ್ದೂ ಸೇರಿ, ನನಗೆ 400 ಡಾಲರ್ ಹತ್ತಿರ ಆಯಿತು.

ಮತ್ತೆ ಮೇ ತಿಂಗಳಲ್ಲಿ ಕರೆ ಬಂತು. ಬೆಳಿಗ್ಗೆ ಏಳಕ್ಕೆ ನಾರ್ಫೋಕ್ ನೌಕಾನೆಲೆಯ ಗೇಟಿನಲ್ಲಿ ನಿಂತೆ. ಕಾವಲಿನ ಹುಡುಗ ಲೈಸೆನ್ಸ್ ನೋಡಿದ, ಪಟ್ಟಿ ನೋಡಿದ, ಮತ್ತೆ ಲೈಸೆನ್ಸ್ ನೋಡಿದ. "ಮೇಡಂ, ಈ ಹೆಸರಿನವರು ಇಲ್ಲಿ ಇಲ್ಲ." ಉಳಿದವರೆಲ್ಲ ಒಳಗೆ ಹೋದರು. ನಾನು ರಸ್ತೆ ಬದಿಯಲ್ಲಿ ಬ್ಯಾಗ್ ಹಿಡಿದು ಐವತ್ತು ನಿಮಿಷ ನಿಂತೆ. ಪುಣ್ಯಕ್ಕೆ ಫೋನಿನಲ್ಲಿ ಪಾಸ್‌ಪೋರ್ಟ್ ಮತ್ತು ಮದುವೆ ಸರ್ಟಿಫಿಕೇಟಿನ ಫೋಟೋ ಇತ್ತು. ನಮ್ಮನ್ನು ನೋಡಿಕೊಳ್ಳುವ ಅಧಿಕಾರಿ ಬಂದು, ಅಲ್ಲಿ ಇಲ್ಲಿ ಫೋನ್ ಮಾಡಿ, ಕೊನೆಗೂ ಒಳಗೆ ಬಿಟ್ಟರು. ಅಳು ಬರುವುದೊಂದು ಬಾಕಿ ಇತ್ತು.

ಒಳಗೆ ಹೋದ ಮೇಲೆ ಮತ್ತೆ ಕಾಯುವುದು. ಕಾಯುವಾಗ ಆ ಅಧಿಕಾರಿ ಒಂದು ಕಥೆ ಹೇಳಿದರು. ಹಡಗಿನಿಂದ ವಿಮಾನ ಮೊದಲು ಹಾರಿದ್ದು ಇದೇ ನಾರ್ಫೋಕ್ ಎದುರಿನ ನೀರಿನಲ್ಲಂತೆ. 1910ರ ನವೆಂಬರ್ 14ರಂದು ಯೂಜೀನ್ ಈಲಿ ಎಂಬಾತ ಬರ್ಮಿಂಗ್‌ಹ್ಯಾಮ್ ಎಂಬ ಹಡಗಿಗೆ ಹೊಡೆದ ಮರದ ಅಟ್ಟದಿಂದ ಹಾರಿದ. ವಿಮಾನ ಕೆಳಗೆ ಜಾರಿ, ಚಕ್ರ ನೀರಿಗೆ ತಾಗಿ, ಹೇಗೋ ಮೇಲೆದ್ದು ದಡ ಸೇರಿತು. ಎರಡು ತಿಂಗಳ ನಂತರ, 1911ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನೇ ಇನ್ನೊಂದು ಹಡಗಿನ ಮೇಲೆ ಇಳಿದ. ತಡೆಯಲಿಕ್ಕೆ ಏನಿತ್ತು? ಅಡ್ಡಡ್ಡ ಕಟ್ಟಿದ ಹಗ್ಗ, ಹಗ್ಗದ ಎರಡೂ ತುದಿಗೆ ಮರಳಿನ ಚೀಲ. ವಿಮಾನದ ಕೊಕ್ಕೆ ಹಗ್ಗಕ್ಕೆ ಸಿಕ್ಕಿತು, ಚೀಲಗಳು ಎಳೆದುಕೊಂಡು ಬಂದವು, ವಿಮಾನ ನಿಂತಿತು. ನೂರು ವರ್ಷ ದಾಟಿದರೂ ಉಪಾಯ ಅದೇ. ಮರಳಿನ ಚೀಲದ ಜಾಗಕ್ಕೆ ಈಗ ಡೆಕ್ಕಿನ ಕೆಳಗೆ ಹೈಡ್ರಾಲಿಕ್ ಯಂತ್ರ ಬಂದಿದೆ.

ನಮ್ಮ ವಿಮಾನದ ಹೆಸರು ಗ್ರೇಹೌಂಡ್. ಎರಡು ಪ್ರೊಪೆಲ್ಲರ್‌ನ ಸರಕು ವಿಮಾನ. ಜೆಟ್ಟುಗಳ ಹಾಗೆಯೇ ಕೊಕ್ಕೆ ಹಾಕಿ ಇಳಿಯುತ್ತದೆ, ಕೆಟಪಲ್ಟ್‌ನಿಂದ ಹಾರುತ್ತದೆ. ಇಲ್ಲೊಂದು ಮುಖ್ಯ ವಿಷಯ: ಈ ವಿಮಾನಗಳು ನಿವೃತ್ತಿ ಆಗುತ್ತಿವೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗಲೇ ಇವುಗಳ ಜಾಗಕ್ಕೆ ಆಸ್ಪ್ರೇ ಬಂದಿದೆ. ಅದು ಹೆಲಿಕಾಪ್ಟರ್ ಥರ ನೇರ ಕೆಳಗಿಳಿಯುತ್ತದೆ, ಅದಕ್ಕೆ ಕೊಕ್ಕೆಯೂ ಬೇಡ, ಕೆಟಪಲ್ಟೂ ಬೇಡ. ಕರೆ ಬಂದಾಗ ಯಾವ ವಿಮಾನ ಅಂತ ಕೇಳಿಕೊಳ್ಳಿ.

ಪ್ಯಾಂಟು, ಪೂರ್ತಿ ಮುಚ್ಚುವ ಚಪ್ಪಟೆ ಶೂ ಕಡ್ಡಾಯ. ಸಡಿಲವಾದದ್ದು ಏನೂ ಮೈಮೇಲೆ ಇರಬಾರದು. ಕರಿಮಣಿ, ಬಳೆ, ಕಿವಿಯೋಲೆ ಎಲ್ಲ ತೆಗೆಸಿ ಜಿಪ್ ಇರುವ ಜೇಬಿಗೆ ಹಾಕಿಸಿದರು. ಡೆಕ್ಕಿನ ಮೇಲೆ ಬಿದ್ದ ಒಂದು ಪಿನ್ನು ಸಾಕು, ಜೆಟ್ ಎಂಜಿನ್ ಹಾಳಾಗಲಿಕ್ಕೆ. ತಲೆಗೆ ಕಿವಿ ಮುಚ್ಚುವ ಹೆಲ್ಮೆಟ್, ಕಣ್ಣಿಗೆ ದಪ್ಪ ಕನ್ನಡಕ, ಎದೆಗೆ ಗಾಳಿ ತುಂಬುವ ಜಾಕೆಟ್. ಸೀಟುಗಳೆಲ್ಲ ಹಿಂದಕ್ಕೆ ಮುಖ ಮಾಡಿವೆ. ಕಿಟಕಿ ಅಂದರೆ ಎರಡೇ ಸಣ್ಣ ಕಿಂಡಿ, ಅವೂ ನನ್ನಿಂದ ದೂರ. ಹಿಂಬಾಗಿಲು ಮುಚ್ಚಿದ ಮೇಲೆ ಒಳಗೆ ಕತ್ತಲೆ, ಸೆಕೆ, ಎಂಜಿನ್ ಸದ್ದು, ಎಣ್ಣೆ ವಾಸನೆ. ನಿಮಗೆ ಬಸ್ಸಿನಲ್ಲಿ ವಾಂತಿ ಆಗುವ ಅಭ್ಯಾಸವಿದ್ದರೆ ಬೆಳಿಗ್ಗೆ ಎರಡು ಇಡ್ಲಿಗಿಂತ ಜಾಸ್ತಿ ತಿನ್ನಬೇಡಿ.

ಒಂದು ಗಂಟೆ ಹಾರಿದ ಮೇಲೆ ಸಿಬ್ಬಂದಿ ಇಬ್ಬರು ಎರಡೂ ಕೈ ಎತ್ತಿ ಜೋರಾಗಿ ಬೀಸಿದರು. ಇನ್ನೇನು ಇಳಿಯುತ್ತೇವೆ ಎಂಬ ಸೂಚನೆ. ಬೆನ್ನು ಸೀಟಿಗೆ ಒತ್ತಿ ಕೂತೆ. ಧಡ್ ಎಂದು ಚಕ್ರ ಬಡಿಯಿತು. ನಿಲ್ಲುತ್ತದೆ ಅಂದುಕೊಂಡರೆ ಎಂಜಿನ್ ಇನ್ನೂ ಜೋರಾಗಿ ಅರಚಿತು. ಹೊಟ್ಟೆ ಕೆಳಗೆ ಉಳಿಯಿತು, ನಾವು ಮೇಲೆ ಹೋದೆವು. ಏನಾಯಿತೋ ಗೊತ್ತಿಲ್ಲ. ಪಕ್ಕದಲ್ಲಿದ್ದ ಬ್ಯಾಂಕಿನವರು ನನ್ನ ಕೈ ಹಿಡಿದುಕೊಂಡಿದ್ದರು. ನಾನೂ ಬಿಡಿಸಿಕೊಳ್ಳಲಿಲ್ಲ.

ಇದಕ್ಕೆ ಬೋಲ್ಟರ್ ಅನ್ನುತ್ತಾರೆ. ವಿಮಾನದ ಕೊಕ್ಕೆ ಡೆಕ್ಕಿಗೆ ಅಡ್ಡಲಾಗಿ ಕಟ್ಟಿದ ಯಾವ ತಂತಿಗೂ ಸಿಗಲಿಲ್ಲ ಅಂತ ಅರ್ಥ. ಇದಕ್ಕೆಂದೇ ಪೈಲಟ್ ಚಕ್ರ ತಾಗಿದ ಕ್ಷಣವೇ ಎಂಜಿನ್ನನ್ನು ಪೂರ್ತಿ ಶಕ್ತಿಗೆ ಒತ್ತುತ್ತಾನೆ, ಬ್ರೇಕ್ ಹಾಕುವುದಿಲ್ಲ. ತಂತಿ ಸಿಕ್ಕರೆ ತಂತಿಯೇ ನಿಲ್ಲಿಸುತ್ತದೆ. ಸಿಗದಿದ್ದರೆ ಹಾರಿಹೋಗಲು ವೇಗ ಬೇಕಲ್ಲ. ಇಳಿಯುವ ಪಟ್ಟಿ ಹಡಗಿನ ನೇರಕ್ಕಿಲ್ಲ, ಸುಮಾರು 9 ಡಿಗ್ರಿ ಎಡಕ್ಕೆ ತಿರುಗಿದೆ. ಹಾಗಾಗಿ ತಪ್ಪಿದ ವಿಮಾನದ ಮುಂದೆ ಬರೀ ಸಮುದ್ರ ಇರುತ್ತದೆ, ನಿಲ್ಲಿಸಿಟ್ಟ ವಿಮಾನಗಳಲ್ಲ. ಈ ಓರೆ ಡೆಕ್ಕು, ಉಗಿ ಕೆಟಪಲ್ಟು, ಇಳಿಯುವ ಪೈಲಟ್‌ಗೆ ದಾರಿ ತೋರಿಸುವ ಕನ್ನಡಿ, ಮೂರೂ ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ನೌಕಾಪಡೆಯವರು ಕಂಡುಹಿಡಿದದ್ದು. 1961ರಲ್ಲಿ ನಮಗೆ ಬಂದ ವಿಕ್ರಾಂತ್‌ನಲ್ಲೂ ಮೂರೂ ಇದ್ದವು. ಇದನ್ನು ದೊಡ್ಡಪ್ಪ ಹೇಳಿದಾಗ ಕೊಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಎರಡನೇ ಸಲ ಸಿಕ್ಕಿತು. ಬಡಿತ, ಆಮೇಲೆ ಯಾರೋ ಬೆನ್ನಿಗೆ ಗೋಡೆ ತಂದು ಒತ್ತಿದ ಹಾಗೆ. ಎರಡೇ ಸೆಕೆಂಡ್. ಎಲ್ಲ ನಿಂತಿತು. ಹಿಂಬಾಗಿಲು ತೆರೆದಾಗ ಕಣ್ಣು ಕುಕ್ಕುವ ಬಿಸಿಲು, ಬಣ್ಣಬಣ್ಣದ ಅಂಗಿ ತೊಟ್ಟ ಮಕ್ಕಳು. ಮಕ್ಕಳು ಅಂತಲೇ ಅನ್ನಬೇಕು. ಡೆಕ್ಕಿನ ಮೇಲೆ ಓಡಾಡುವ ಬಹಳಷ್ಟು ಜನರಿಗೆ ಹತ್ತೊಂಬತ್ತು, ಇಪ್ಪತ್ತು ವಯಸ್ಸು. ಎರಡು ವರ್ಷದ ಹಿಂದೆ ನನ್ನಂಥವರ ಕ್ಲಾಸಿನಲ್ಲಿ ತೂಕಡಿಸುತ್ತಿದ್ದವರು.

ಅಂಗಿಯ ಬಣ್ಣವೇ ಅವರ ಕೆಲಸ. ಹಳದಿ ಅಂಗಿಯವರು ವಿಮಾನಗಳಿಗೆ ದಾರಿ ತೋರಿಸುತ್ತಾರೆ. ನೇರಳೆ ಇಂಧನ, ಕೆಂಪು ಮದ್ದುಗುಂಡು ಮತ್ತು ಬೆಂಕಿ ಆರಿಸುವುದು, ಹಸಿರು ಕೆಟಪಲ್ಟ್ ಮತ್ತು ತಂತಿ. ಕಿವಿಗೆ ಏನೂ ಕೇಳದ ಜಾಗ ಅದು, ಎಲ್ಲವೂ ಕೈಸನ್ನೆ. ನಮ್ಮನ್ನು ಒಂದು ಗೆರೆಯ ಹಿಂದೆ ನಿಲ್ಲಿಸಿ, ಹೆಗಲ ಮೇಲೆ ಕೈ ಇಟ್ಟುಕೊಂಡೇ ತೋರಿಸಿದರು. ಗೆರೆ ದಾಟಬೇಡಿ. ಫೋಟೋ ತೆಗೆಯುವ ಆಸೆಯಲ್ಲಿ ಅರ್ಧ ಹೆಜ್ಜೆ ಮುಂದಿಟ್ಟ ನಮ್ಮ ಗುಂಪಿನ ಒಬ್ಬರನ್ನು ಕಾಲರ್ ಹಿಡಿದು ಹಿಂದಕ್ಕೆ ಎಳೆದರು.

ಎದುರಿಗೆ ಸೂಪರ್ ಹಾರ್ನೆಟ್ ಜೆಟ್ ಬಂತು. ಮುಂದಿನ ಚಕ್ರದ ಸರಳನ್ನು ಕೆಟಪಲ್ಟಿನ ಗಾಡಿಗೆ ಸಿಕ್ಕಿಸಿದರು. ಹಿಂದೆ ಬೆಂಕಿ ತಡೆಯುವ ದೊಡ್ಡ ಹಲಗೆ ಡೆಕ್ಕಿನಿಂದಲೇ ಎದ್ದು ನಿಂತಿತು. ಆಗ ಹಸಿರು ಅಂಗಿಯ ಹುಡುಗಿಯೊಬ್ಬಳು ಒಂದು ಫಲಕ ಹಿಡಿದು ಪೈಲಟ್‌ಗೆ ತೋರಿಸಿದಳು. ಫಲಕದಲ್ಲಿ ಬರೀ ಒಂದು ಸಂಖ್ಯೆ. ಪೈಲಟ್ ನೋಡಿ ಸರಿ ಎಂದು ಸನ್ನೆ ಮಾಡಿದ. ಅವಳು ಅದನ್ನೇ ಇನ್ನೊಬ್ಬನಿಗೆ ತೋರಿಸಿದಳು.

"ಏನದು?" ಅಂತ ಸನ್ನೆಯಲ್ಲೇ ಕೇಳಿದೆ. ಜೊತೆಗಿದ್ದವರು ಕಿವಿಯ ಹತ್ತಿರ ಬಾಯಿ ತಂದು ಕೂಗಿದರು: "ತೂಕ! ವಿಮಾನದ ತೂಕ!"

ಆ ತೂಕಕ್ಕೆ ತಕ್ಕ ಹಾಗೆ ಉಗಿಯ ಬಲ ಹೊಂದಿಸುತ್ತಾರೆ. ಕಮ್ಮಿಯಾದರೆ ವಿಮಾನ ಸಮುದ್ರಕ್ಕೆ ಬೀಳುತ್ತದೆ, ಜಾಸ್ತಿಯಾದರೆ ವಿಮಾನಕ್ಕೇ ಪೆಟ್ಟು. ನನಗೆ ಗೇರುಬೀಜ ನೆನಪಾಯಿತು. ಆಮೇಲೆ ನನ್ನ ಫಾರ್ಮ್ ನೆನಪಾಯಿತು.

ಜೆಟ್ ಹೋದದ್ದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಪೈಲಟ್ ಬಲಗೈಯನ್ನು ವಿಮಾನ ಓಡಿಸುವ ಕಡ್ಡಿಯಿಂದ ತೆಗೆದು ಮೇಲಿನ ಹಿಡಿಕೆ ಹಿಡಿದುಕೊಳ್ಳುತ್ತಾನೆ. ಆ ಎರಡು ಸೆಕೆಂಡ್ ಅವನು ಏನೂ ಮಾಡಬಾರದು, ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಕೆಟಪಲ್ಟ್ ಅಧಿಕಾರಿ ಬಗ್ಗಿ ಡೆಕ್ಕು ಮುಟ್ಟಿ ಮುಂದಕ್ಕೆ ಕೈ ತೋರಿಸಿದರು. ಎದೆಗೂಡಿನೊಳಗೇ ಗುದ್ದಿದ ಹಾಗಾಯಿತು, ಜೆಟ್ ಇರಲಿಲ್ಲ, ಬಿಳಿ ಉಗಿ ಇತ್ತು. ಕೆಟಪಲ್ಟಿನ ಓಟ ಸುಮಾರು 94 ಮೀಟರ್. ತುದಿಯಲ್ಲಿ ವೇಗ ಗಂಟೆಗೆ 265 ಕಿ.ಮೀ. ಆಸುಪಾಸು. ಅಲ್ಲೇ ನಿಂತು ಲೆಕ್ಕ ಹಾಕಿದೆ: ಎರಡೂವರೆ ಸೆಕೆಂಡ್, ಹತ್ತಿರ ಹತ್ತಿರ 3 ಜಿ, ಅಂದರೆ ಭೂಮಿಯ ಸೆಳೆತದ ಮೂರು ಪಟ್ಟು. ಮುಂದಿನ ವರ್ಷದ ಪರೀಕ್ಷೆಗೆ ಒಂದು ಪ್ರಶ್ನೆ ಸಿಕ್ಕಿತು.

ಇಳಿಯುವುದನ್ನು ನೋಡಲು ಹಿಂಭಾಗಕ್ಕೆ ಕರೆದೊಯ್ದರು. ಡೆಕ್ಕಿನ ಎಡಬದಿಯಲ್ಲಿ ದೀಪಗಳ ಚೌಕಟ್ಟು ಇದೆ. ಎರಡೂ ಕಡೆ ಅಡ್ಡಸಾಲಾಗಿ ಹಸಿರು ದೀಪ, ನಡುವೆ ಹಳದಿ ದೀಪ. ಅದನ್ನು ಬಾಲ್ ಅನ್ನುತ್ತಾರೆ. ಪೈಲಟ್ ಕಣ್ಣಿಗೆ ಬಾಲ್ ಹಸಿರು ಸಾಲಿನ ನೇರಕ್ಕೆ ಕಂಡರೆ ದಾರಿ ಸರಿ. ಮೇಲೆ ಕಂಡರೆ ಎತ್ತರ ಜಾಸ್ತಿ. ಕೆಳಗೆ ಇಳಿದು ಕೆಂಪಾದರೆ ಹಡಗಿನ ಹಿಂಬದಿಗೆ ಬಡಿಯುವ ದಾರಿ. ಬಾಲ್ ಕಂಡ ತಕ್ಷಣ ಪೈಲಟ್ ರೇಡಿಯೋದಲ್ಲಿ ಹೇಳಬೇಕು. ಸೂಪರ್ ಹಾರ್ನೆಟ್ ಪೈಲಟ್ "ರೈನೋ ಬಾಲ್" ಅನ್ನುತ್ತಾನೆ. ಹಾರ್ನೆಟ್ ಅಂದರೆ ಹಳೆಯ, ಹಗುರ ಹಾರ್ನೆಟ್ ಅಂದುಕೊಂಡು ತಂತಿಯ ಯಂತ್ರವನ್ನು ತಪ್ಪು ತೂಕಕ್ಕೆ ಹೊಂದಿಸಿಬಿಟ್ಟಾರು ಎಂದು ಹಿಂದೆ ಇಟ್ಟ ಬೇರೆ ಹೆಸರು ರೈನೋ. ಮತ್ತೆ ತೂಕ! ನನ್ನನ್ನೇ ಚುಚ್ಚುತ್ತಿದ್ದಾರೆ ಅನ್ನಿಸಿತು.

ತಂತಿಗಳು ನಾಲ್ಕು. ಮೂರನೆಯದಕ್ಕೆ ಗುರಿ. ಪಕ್ಕದಲ್ಲಿ ನಿಂತು ಪ್ರತಿ ವಿಮಾನವನ್ನೂ ನೋಡುವವರೂ ಪೈಲಟ್‌ಗಳೇ, ಅವರಿಗೆ ಪ್ಯಾಡಲ್ಸ್ ಅಂತ ಹೆಸರು. ಬೇಡ ಅನ್ನಿಸಿದರೆ ಕೆಂಪು ದೀಪ ಹೊತ್ತಿಸಿ ಓಡಿಸುತ್ತಾರೆ. ಪ್ರತಿ ಇಳಿತಕ್ಕೂ ಮಾರ್ಕ್ಸ್ ಕೊಡುತ್ತಾರೆ, ಎಲ್ಲರೆದುರು ಓದಿ ಹೇಳುತ್ತಾರೆ, ಗೋಡೆಗೆ ಬಣ್ಣದ ಪಟ್ಟಿ ಹಾಕುತ್ತಾರೆ. ಅಮೆರಿಕದ ಶಾಲೆಯಲ್ಲಿ ನಾನು ಮಕ್ಕಳ ಮಾರ್ಕ್ಸ್ ಹೀಗೆ ಗೋಡೆಗೆ ಹಾಕಿದರೆ ಕೆಲಸ ಹೋಗುತ್ತದೆ. ನಮ್ಮ ಅಂಕೋಲೆಯ ಮೇಷ್ಟ್ರಿಗೆ ಮಾತ್ರ ಇದು ಇಷ್ಟವಾಗುತ್ತಿತ್ತು.

ರಾತ್ರಿಯ ಬಗ್ಗೆ ಎಚ್ಚರಿಕೆ ಕೊಡಲೇಬೇಕು. ಅತಿಥಿಗಳ ಕೋಣೆ ಫ್ಲೈಟ್ ಡೆಕ್ಕಿನ ಕೆಳಗೇ ಇದೆ. ಮೇಲಿನ ಮಂಚದಲ್ಲಿ ಮಲಗಿದರೆ ಸೂರು ಕೈಗೆ ಸಿಗುತ್ತದೆ. ಆ ಸೂರಿನ ಮೇಲೆ ಜೆಟ್ ಬಂದು ಬಡಿಯುತ್ತದೆ. ಧಡ್, ಆಮೇಲೆ ತಂತಿ ಬಿಚ್ಚಿಕೊಳ್ಳುವ ಕಿರುಚು, ಆಮೇಲೆ ತಂತಿ ವಾಪಸ್ ಸುತ್ತಿಕೊಳ್ಳುವ ಗರಗರ. ಒಂದು ನಿಮಿಷ ಬಿಟ್ಟು ಮತ್ತೆ ಧಡ್. ನಡುರಾತ್ರಿಯವರೆಗೆ ಇದೇ. ಇಯರ್‌ಪ್ಲಗ್ ಕೊಡುತ್ತಾರೆ, ಅದು ಮಳೆಗೆ ಕರವಸ್ತ್ರ ಹಿಡಿದ ಹಾಗೆ. ಕತ್ತಲಲ್ಲಿ ಸಮುದ್ರ ಯಾವುದು, ಆಕಾಶ ಯಾವುದು ತಿಳಿಯದ ಹೊತ್ತಿನಲ್ಲಿ ಅವರು ಇಳಿಯುತ್ತಿದ್ದಾರೆ ಎಂದು ನೆನೆದರೆ ದೂರಲೂ ಮನಸ್ಸು ಬರುವುದಿಲ್ಲ. ಊಟ ಚೆನ್ನಾಗಿತ್ತು. ಸಸ್ಯಾಹಾರಿಗಳಿಗೆ ಸಲಾಡ್, ಬ್ರೆಡ್, ಹಣ್ಣು ಸಿಗುತ್ತದೆ, ಒಂದು ಡಬ್ಬಿ ಚಟ್ನಿಪುಡಿ ಜೇಬಿನಲ್ಲಿರಲಿ. ಏಣಿಗಳ ಬಗ್ಗೆ ಫಾರ್ಮಿನಲ್ಲಿ ಕೇಳಿದ್ದು ತಮಾಷೆಗಲ್ಲ. ಮಾರನೇ ದಿನ ಮಂಡಿ ಬಗ್ಗಲಿಲ್ಲ.

ಬೆಳಿಗ್ಗೆ ನೂರಾರು ಜನ ಸಾಲಾಗಿ, ತಲೆ ತಗ್ಗಿಸಿ, ಡೆಕ್ಕಿನ ಈ ತುದಿಯಿಂದ ಆ ತುದಿಗೆ ನಡೆದರು. ತಿರುಪು, ಕಲ್ಲು, ತಂತಿಚೂರು ಹುಡುಕುತ್ತಾ. ಗದ್ದೆಯಲ್ಲಿ ಕಳೆ ಕೀಳುವವರ ಸಾಲು ಕಂಡ ಹಾಗಿತ್ತು.

ಹೊರಡುವ ಮೊದಲು ಒಬ್ಬ ಹುಡುಗ ಪಟ್ಟಿ ಹಿಡಿದು ಬಂದು ತೂಕ ಇನ್ನೊಮ್ಮೆ ಕೇಳಿದ. "162" ಅಂದೆ. ಅವನು ಪಟ್ಟಿ ನೋಡಿದ. "ಇಲ್ಲಿ 150 ಇದೆ, ಮೇಡಂ." ಬ್ಯಾಂಕಿನವರು ನನ್ನತ್ತ ತಿರುಗಿದರು. "ಆವತ್ತು ಸುಳ್ಳು ಬರೆದಿದ್ದೆ. ಬ್ಯಾಗಿಗೆ ಎರಡು ಮಗ್ ಮತ್ತು ಟೋಪಿಯನ್ನೂ ಸೇರಿಸಿಕೊಳ್ಳಿ." ಅವನು ನಗದೆ ತಿದ್ದಿಕೊಂಡ. "ಇಪ್ಪತ್ತು ಟನ್ ದಾಟುವ ವಿಮಾನಕ್ಕೆ ಹನ್ನೆರಡು ಪೌಂಡ್ ಏನೂ ಅಲ್ಲ, ಮೇಡಂ. ಇಪ್ಪತ್ತಾರು ಜನರೂ ಹೀಗೇ ಬರೆದರೆ ಮಾತ್ರ ಕಷ್ಟ." ಹಿಂದೆ ನಿಂತಿದ್ದ ಇಬ್ಬರು ಮೆಲ್ಲಗೆ ತಮ್ಮ ಸಂಖ್ಯೆಯನ್ನೂ ತಿದ್ದಿಸಿದರು.

ಹಾರುವಾಗ ಇಳಿಯುವಾಗಿನ ತದ್ವಿರುದ್ಧ. ಹಿಂದಕ್ಕೆ ಮುಖ ಮಾಡಿ ಕೂತದ್ದರಿಂದ ದೇಹ ಬೆಲ್ಟಿನ ಮೇಲೆ ಬೀಳುತ್ತದೆ. ಗದ್ದ ಎದೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ, ಬೆಲ್ಟು ಹಿಡಿದು ಕೂರಬೇಕು. ನಾನು ಕೊನೇ ಕ್ಷಣದಲ್ಲಿ ಕಿಂಡಿ ನೋಡೋಣ ಅಂತ ತಲೆ ಎತ್ತಿದೆ. ಕುತ್ತಿಗೆ ಹಿಡಿದದ್ದು ಅದಕ್ಕೇ. ನಮ್ಮ ವಿಮಾನ ಜೆಟ್ಟಿನಷ್ಟು ಜೋರಲ್ಲ, ಸುಮಾರು ಮೂರು ಸೆಕೆಂಡಿಗೆ 200 ಕಿ.ಮೀ. ವೇಗ. ಆಮೇಲೆ ಇದ್ದಕ್ಕಿದ್ದಂತೆ ಎಳೆತ ನಿಂತು ಎಲ್ಲ ಹಗುರವಾಯಿತು. ನಿಂತೇಬಿಟ್ಟೆವು, ಬೀಳುತ್ತಿದ್ದೇವೆ ಅಂದುಕೊಂಡೆ. ಹಾಗೆ ಎಲ್ಲರಿಗೂ ಅನ್ನಿಸುತ್ತದಂತೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ನಿಮಗೆ ಹೇಳಿದ್ದೇನೆ.

ಮನೆಗೆ ಬಂದು ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವರಿಗೆ ಈಗ ಕಿವಿ ಮಂದ. ಕಾರವಾರದ ವಿಮಾನವಾಹಕ ವಿಕ್ರಮಾದಿತ್ಯಕ್ಕೆ ಕೆಟಪಲ್ಟ್ ಇಲ್ಲ, ಮುಂಭಾಗ 14 ಡಿಗ್ರಿ ಮೇಲಕ್ಕೆ ಬಾಗಿದೆ, ಮಿಗ್‌ಗಳು ಸ್ವಂತ ಬಲದಲ್ಲೇ ಓಡಿ ಚಿಮ್ಮುತ್ತವೆ. ಬೆಂಗಳೂರಿನಲ್ಲಿ ಹುಟ್ಟಿದ ನೌಕಾ ತೇಜಸ್ ಜೆಟ್ 2020ರ ಜನವರಿ 11ರಂದು ಅದರ ಮೇಲೆ ಇಳಿದಾಗ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿದವರು ಇವರು. ಆದರೂ ಉಗಿ ಕೆಟಪಲ್ಟಿನ ಮುಂದೆ ಬೇರೆ ಯಾವುದೂ ಅವರಿಗೆ ಲೆಕ್ಕಕ್ಕಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ತೂಕದ ವಿಷಯಕ್ಕೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಎಷ್ಟನೇ ತಂತಿ ಹಿಡಿದಿತ್ತು ತಂಗೀ?"

ಕೇಳಿಕೊಂಡು ಬಂದಿರಲಿಲ್ಲ. "ಅಷ್ಟು ದೂರ ಹೋಗಿ ಅದನ್ನೇ ಕೇಳಲಿಲ್ವಾ ಮಾರಾಯ್ತಿ" ಅಂದರು. ನಾರ್ಫೋಕಿನ ಅಧಿಕಾರಿಗೆ ಮೇಲ್ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನೀವು ಹೋದರೆ ವಿಮಾನದಿಂದ ಇಳಿದ ಕೂಡಲೇ ಕೇಳಿಕೊಳ್ಳಿ.